ಎರಡು ಸಾಂತೋಲ್ ಮರಗಳು

ಜೂನ್ 11, 1900, ಸೋಮವಾರ

ಈ ನೋಟುಪುಸ್ತಕ ನನ್ನ ತಮ್ಮ ಹಿಲಾರಿಯೋನದು. ಎರಡು ಪುಟ ಬರೆದವನು, ಅಮೆರಿಕದವರ ಮೇಲೆ ಯುದ್ಧ ಮಾಡುತ್ತೇನೆ ಅಂತ ಹೋದ ವರ್ಷ ಬೆಟ್ಟ ಹತ್ತಿದ. ಉಳಿದ ಪುಟಗಳನ್ನು ಇಲಿ ತಿನ್ನುವ ಬದಲು ನಾನೇ ತುಂಬಿಸುತ್ತೇನೆ. ಓಲೆಯ ಟೋಪಿ ಹೆಣೆದು ಹೆಣೆದು ಬೆರಳು ಮರಗಟ್ಟಿವೆ, ಬರೆದರೆ ಸ್ವಲ್ಪ ಸಡಿಲವಾದಾವು.

ಇವತ್ತು ಬೆಳಿಗ್ಗೆ ಅಂಗಳದಲ್ಲಿ ದಡಬಡ ಸದ್ದು. ಕಿಟಕಿಯಿಂದ ಇಣುಕಿದರೆ ಗುರುತಿಲ್ಲದ ಗಂಡಸೊಬ್ಬ ನಮ್ಮ ಸೌದೆ ಒಡೆಯುತ್ತಿದ್ದಾನೆ. ಒಡೆಯುತ್ತಿದ್ದಾನೆ ಅನ್ನುವುದು ದೊಡ್ಡ ಮಾತಾಯಿತು. ಕೊಡಲಿ ಒಂದು ಕಡೆ ಬೀಳುತ್ತಿತ್ತು, ಸೌದೆ ಇನ್ನೊಂದು ಕಡೆ ಹಾರುತ್ತಿತ್ತು. ಕೋಳಿಗಳೆಲ್ಲ ಪ್ರಾಣಭಯದಿಂದ ಸಾಂತೋಲ್ ಮರ ಹತ್ತಿದ್ದವು.

"ಇನಾಂಗ್, ಯಾರೋ ಕಳ್ಳ!" ಅಂತ ಕೂಗಿದೆ.

ಅಮ್ಮ ಬಂದು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು.

"ಸೌದೆ ಒಡೆದುಕೊಡೋ ಕಳ್ಳನ್ನ ಎಲ್ಲಾದ್ರೂ ನೋಡಿದೀಯಾ? ಬಾಯ್ಮುಚ್ಚೇ. ಗಂಡಸು ಬೆಳಗಾಗೆದ್ದು ಮದುವೆ ಆಗ್ದೇ ಇರೋ ಹೆಣ್ಣಿನ ಮನೆ ಸೌದೆ ಒಡೀತಾನೆ ಅಂದ್ರೆ ಅದಕ್ಕೆ ಅರ್ಥ ಒಂದೇ. ನಿಮ್ಮಪ್ಪ ಒಂದು ವರ್ಷ ಒಡೆದಿದ್ರು."

ನನಗೆ ಇಪ್ಪತ್ತೊಂಬತ್ತು. ಈ ಮನೆಯ ಸೌದೆಯನ್ನು ಈವರೆಗೆ ನಾನೇ ಒಡೆದುಕೊಂಡು ಬಂದಿದ್ದೇನೆ.

ಅಮ್ಮ ಬಿಸಿ ಶುಂಠಿ ಕಷಾಯ ಕೊಟ್ಟು ವಿಚಾರಿಸಿದಳು. ಹೆಸರು ಕ್ರಿಸ್ಪುಲೋ, ಮನಿಲಾದಲ್ಲಿ ಔಷಧದಂಗಡಿಯ ಗುಮಾಸ್ತನಾಗಿದ್ದನಂತೆ. ಒಂದು ಮರದ ಪೆಟ್ಟಿಗೆ ತಂದಿದ್ದಾನೆ. ಮನೆಯ ಕೆಳಗೆ, ಕಂಬಗಳ ನಡುವೆ, ಕೋಳಿಗೂಡಿನ ಪಕ್ಕದಲ್ಲಿ ಇರುತ್ತಾನಂತೆ.

"ಐದು ತಿಂಗಳು ಚಾಕರಿ. ನೀರು, ಸೌದೆ, ಭತ್ತ ಕುಟ್ಟೋದು. ನನಗೆ ಇಷ್ಟ ಆಗ್ಲಿಲ್ವೋ, ಕಳಿಸಿಬಿಡ್ತೀನಿ," ಅಂದಳು ಅಮ್ಮ.

"ಆಗ್ಲಿ, ಆಲಿಂಗ್ ತೋಮಾಸಾ," ಅಂದ, ತಲೆ ತಗ್ಗಿಸಿ.

ಆತ ನನ್ನನ್ನು ಎಲ್ಲಿ ನೋಡಿದನೋ. ಕೇಳುವ ಹಾಗಿಲ್ಲ, ಚಾಕರಿಗೆ ಬಂದವನ ಜೊತೆ ಹುಡುಗಿ ಮಾತಾಡಬಾರದು. ಒಳಗೆ ಬಂದು ಕನ್ನಡಿ ನೋಡಿಕೊಂಡೆ. ಹೊಸತೇನೂ ಕಾಣಲಿಲ್ಲ.

ಜೂನ್ 16

ಈ ಮನುಷ್ಯನಿಗೆ ಏನೂ ಬರುವುದಿಲ್ಲ. ಸೇತುವೆಯಾಚೆ ಬೆಟ್ಟದ ಬುಡದ ಒರತೆಯಿಂದ ಉದ್ದನೆಯ ಬಿದಿರಿನಲ್ಲಿ ನೀರು ತರುತ್ತಾನೆ. ಮನೆ ಮುಟ್ಟುವಾಗ ಅರ್ಧ ನೀರು ಆತನ ಬೆನ್ನಿನ ಮೇಲಿರುತ್ತದೆ. ಕೈತುಂಬ ಬೊಬ್ಬೆ. ಆದರೂ ಒಂದು ಸಲ ಹೋದರೆ ಸಾಕಾದಲ್ಲಿ ಮೂರು ಸಲ ಹೋಗುತ್ತಾನೆ. ಸೇತುವೆಯ ಅಮೆರಿಕದ ಕಾವಲಿನವನಿಗೂ ಪಾಪ ಅನ್ನಿಸಿ ಕೈಬೀಸುತ್ತಾನಂತೆ.

"ಎಷ್ಟು ಆಸೆ ನೋಡು ನಿನ್ಮೇಲೆ," ಅಂತಾಳೆ ಅಮ್ಮ. ಮಾರ್ಕೆಟ್ಟಿನಲ್ಲಿ ಸುಮಾನ್ ಕಡುಬು ಮಾರುತ್ತ ಊರಿಗೆಲ್ಲ ಸಾರಿಬಿಟ್ಟಿದ್ದಾಳೆ. ಕಡುಬು ಕೊಳ್ಳುವ ಸೋಲ್ಜರುಗಳಿಗೂ ಸನ್ನೆಯಲ್ಲೇ ಹೇಳಿದಳಂತೆ: ನನ್ನ ಮಗಳು, ಒಬ್ಬ ಗಂಡಸು, ಸೌದೆ.

ನಾನು ಆತನ ಕಡೆ ತಿರುಗಿಯೂ ನೋಡುವುದಿಲ್ಲ. ಇವತ್ತು ನೀಲಿ ಅಂಗಿ ಹಾಕಿದ್ದ.

ಜೂನ್ 24, ಭಾನುವಾರ

ಸಂತ ಯೋಹಾನರ ಹಬ್ಬ. ಪೂಜೆ ಮುಗಿದದ್ದೇ ತಡ, ಊರೆಲ್ಲ ನೀರೆರಚಾಟ. ಪಾದ್ರಿಯೂ ತೊಯ್ದರು, ಸೋಲ್ಜರುಗಳೂ ತೊಯ್ದರು. ಅವರಲ್ಲೊಬ್ಬನಿಗೆ ಸಿಟ್ಟು ಬಂದು ಬಂದೂಕು ಎತ್ತಿದ, ಅವರ ಸಾರ್ಜೆಂಟೇ ನಕ್ಕು ಇಳಿಸಿದ.

ಚರ್ಚಿನ ಬಾಗಿಲಲ್ಲಿ ಪಕ್ಕದ ಮನೆಯ ಮಕ್ಸಿಮಾ ಕ್ರಿಸ್ಪುಲೋನ ಕಿವಿಯಲ್ಲಿ ಏನೋ ಹೇಳಿದಳು. ಆತನ ಮುಖ ಬಿಳುಚಿಹೋಯಿತು. ಮಕ್ಸಿಮಾಗೆ ಇಪ್ಪತ್ತೊಂದು, ನಕ್ಕರೆ ಕೆನ್ನೆಯಲ್ಲಿ ಗುಳಿ. ನನಗೇನಾಗಬೇಕು.

ಎಲ್ಲರಿಗೂ ಎರಚಿದೆ, ಆತನ ಮೇಲೂ ಸ್ವಲ್ಪ ಬಿತ್ತು. ಒಂದು ಕೊಡದಷ್ಟು.

ಜುಲೈ 9

ಮಧ್ಯಾಹ್ನ ಊಟಕ್ಕೆ ಕೂತು ನೀರು ಕುಡಿದರೆ, ಹಾಗಲಕಾಯಿ ಅರೆದು ಕದಡಿದ ಹಾಗೆ ಕಹಿ. ಅಮ್ಮ ಮಡಕೆಗೆ ಬೈದಳು, ಮಡಕೆ ಮಾಡಿದವನಿಗೆ ಬೈದಳು. ಆ ರುಚಿ ನನಗೆ ಗೊತ್ತು. ಹದಿನೆಂಟರಲ್ಲಿ ಚಳಿಜ್ವರ ಬಂದಾಗ ಅಪ್ಪ ಮೂಗು ಹಿಡಿದು ಕುಡಿಸಿದ ಕ್ವಿನೈನು ಅದು. ಸತ್ತರೂ ಮರೆಯದು.

ಅಮ್ಮ ಮಾರ್ಕೆಟ್ಟಿಗೆ ಹೋದ ಮೇಲೆ ಕೆಳಗಿಳಿದೆ.

"ನೀರಿಗೆ ಏನು ಹಾಕಿದ್ರಿ?"

ಕೈಯಲ್ಲಿದ್ದ ಒನಕೆ ಬಿಟ್ಟುಬಿಟ್ಟ. "ಬಿದಿರಿನ ತಳದಲ್ಲಿ ಪೊಟ್ಟಣ ಇಟ್ಟು ಮೇಣ ಮೆತ್ತಿದ್ದೆ. ಇವತ್ತು ಕಿತ್ಕೊಂಡು ಒಡೆದುಹೋಯ್ತು."

ಪೆಟ್ಟಿಗೆ ತೆರೆದು ತೋರಿಸಿದ. ಅಂಗಿಗಳ ಕೆಳಗೆ ಪೊಟ್ಟಣವೋ ಪೊಟ್ಟಣ. ಬೆಟ್ಟದ ಮೇಲಿರುವ ನಮ್ಮವರಲ್ಲಿ ಅರ್ಧಕ್ಕರ್ಧ ಜನ ಚಳಿಜ್ವರದಿಂದ ಮಲಗಿದ್ದಾರಂತೆ. ಸೇತುವೆಯಲ್ಲಿ ಗಂಟುಮೂಟೆಗಳನ್ನೆಲ್ಲ ಬಿಚ್ಚಿ ನೋಡುತ್ತಾರೆ, ನೀರಿಗೆ ಹೋಗುವವನ ಖಾಲಿ ಬಿದಿರನ್ನು ನೋಡುವುದಿಲ್ಲ. ಒಂದು ಸಲಕ್ಕೆ ಒಂದು ಪೊಟ್ಟಣ. ಒರತೆಯ ಹತ್ತಿರ ಕಲ್ಲಿನಡಿ ಇಟ್ಟು ಬಂದರೆ ಮೇಲಿನವರು ಬಂದು ಒಯ್ಯುತ್ತಾರೆ. ಅದಕ್ಕೇ ದಿನಕ್ಕೆ ಮೂರು ಸಲ.

"ಇದಕ್ಕೆ ನಮ್ಮನೇನೇ ಬೇಕಿತ್ತಾ?" ಅಂದೆ.

ಆತ ನೆಲ ನೋಡಿದ. "ನಿಮ್ಮನೆ ಅಲ್ಲ. ಸೇತುವೆ ಹತ್ರ ಸಾಂತೋಲ್ ಮರ ಇರೋ ಮನೆ, ಹೋಗಿ ಸೌದೆ ಒಡಿ, ಅಲ್ಲಿ ಹುಡುಗಿಗೆ ಎಲ್ಲಾ ಗೊತ್ತಿದೆ ಅಂದಿದ್ರು. ಎರಡು ಮನೇಲಿ ಸಾಂತೋಲ್ ಮರ ಇದೆ ಅಂತ ಯಾರೂ ಹೇಳ್ಲಿಲ್ಲ."

ಅವನು ಹೋಗಬೇಕಾಗಿದ್ದದ್ದು ಮಕ್ಸಿಮಾಳ ಮನೆಗೆ. ಚರ್ಚಿನ ಬಾಗಿಲಲ್ಲಿ ಅವಳು ಅಂದದ್ದು, "ಎರಡು ವಾರದಿಂದ ಎಲ್ಲಿ ಸತ್ತಿದ್ದೆ?" ಅಂತ. ಅಷ್ಟರಲ್ಲಿ ಅಮ್ಮ ಊರಿಗೆಲ್ಲ ಸಾರಿ ಆಗಿತ್ತು, ಮನೆ ಬದಲಾಯಿಸಿದರೆ ಅನುಮಾನ ಬರುತ್ತದೆ ಅಂತ ಇಲ್ಲೇ ಉಳಿದನಂತೆ.

"ಎರಡು ವಾರ ನಿಮಗೆ ಅನುಮಾನಾನೇ ಬರ್ಲಿಲ್ವಾ?"

"ನೀವು ನನ್ನ ಕಡೆ ಕಣ್ಣೆತ್ತಿ ಕೂಡ ನೋಡ್ತಿರ್ಲಿಲ್ಲ. ಗುಟ್ಟು ಕಾಪಾಡೋದು ಅಂದ್ರೆ ಇದಪ್ಪಾ, ಎಂಥ ಗಟ್ಟಿ ಹೆಂಗಸು ಅಂದ್ಕೊಂಡಿದ್ದೆ."

ಯಾರಾದರೂ ಈ ಕಥೆ ಹೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಜುಲೈ 14

ಇಷ್ಟು ದಿನ ಬರೆಯಲಿಲ್ಲ. ಬರೆಯುವುದೇನಿದೆ? ಇಪ್ಪತ್ತೊಂಬತ್ತು ವರ್ಷಕ್ಕೆ ಒಬ್ಬ ಬಂದ, ಅವನೂ ಮನೆ ತಪ್ಪಿ ಬಂದವನು. ಮಾರ್ಕೆಟ್ಟಿನಲ್ಲಿ ಎಲ್ಲರೂ "ಯಾವಾಗಮ್ಮ ಊಟ?" ಅಂತ ಕೇಳುತ್ತಾರೆ. ನಾಚಿಕೆಯಿಂದ ಭೂಮಿಗಿಳಿದುಹೋಗುವ ಹಾಗಾಗಿದೆ.

ಹೊರಡಿ ಅಂದುಬಿಡೋಣ ಅಂತಿದ್ದೆ. ಆದರೆ ಬೆಟ್ಟದ ಜ್ವರದ ಮಾತು ಕೇಳಿದಾಗಿನಿಂದ ನನಗೆ ತಮ್ಮನದೇ ಚಿಂತೆ. "ಮೇಲೆ ಹಿಲಾರಿಯೋ ಅಂತ ಇದಾನಾ, ವಿಚಾರಿಸಿ," ಅಂದಿದ್ದೆ. ಇವತ್ತು ಒರತೆಯಿಂದ ಉತ್ತರ ತಂದ.

"ಇದಾನೆ. ಮೂರು ವಾರದಿಂದ ಜ್ವರ. ಮೈಮೇಲೆ ಗ್ಯಾನ ಇಲ್ದೆ ಅಕ್ಕನ್ನ ಕರೀತಾನಂತೆ."

ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಹೇಳಿದೆ: "ನೀವು ಎಲ್ಲೂ ಹೋಗೋ ಹಾಗಿಲ್ಲ. ಪೆಟ್ಟಿಗೆ ಖಾಲಿ ಆಗೋವರೆಗೆ ನನ್ನನ್ನ ಕೇಳಕ್ಕೆ ಬಂದವರ ಹಾಗೇ ಇರ್ಬೇಕು. ಅಮ್ಮನಿಗೆ ಹೇಳ್ಬೇಡಿ. ಅವಳಿಗೆ ಹೇಳೋದೂ ಒಂದೇ, ಚರ್ಚಿನ ಗಂಟೆ ಹೊಡೆಯೋದೂ ಒಂದೇ."

ಜುಲೈ 22

ಟೋಪಿಯ ಎಳೆ ಓಲೆಯನ್ನು ಪೊಟ್ಟಣದ ಸುತ್ತ ಬಿಗಿಯಾಗಿ ಹೆಣೆದು, ಮೇಲೆ ಮೇಣ ಹಚ್ಚಿದೆ. ಒಂದರ ಜಾಗದಲ್ಲಿ ಎರಡು ಹಿಡಿಯುತ್ತದೆ, ಒಡೆಯುವುದೂ ಇಲ್ಲ. ಔಷಧದ ಗುಮಾಸ್ತ ಬಾಯಿ ಬಿಟ್ಟುಕೊಂಡು ನೋಡಿದ.

ಅಮ್ಮ ನಿನ್ನೆ, "ಹೀಗೇ ಆದ್ರೆ ಇವನನ್ನ ಕಳಿಸಿಬಿಡೋದೇ," ಅಂದಳು. ಪೆಟ್ಟಿಗೆಯಲ್ಲಿ ಇನ್ನೂ ಮುಕ್ಕಾಲು ಇದೆ. ಅದಕ್ಕೇ ಇವತ್ತು ಅವಳು ಮಾರ್ಕೆಟ್ಟಿಗೆ ಹೋದ ಮೇಲೆ ಕೊಡಲಿ ಹಿಡಿಯುವುದನ್ನು ಹೇಳಿಕೊಟ್ಟೆ.

"ಕೊಡಲಿ ನೋಡ್ಬೇಡಿ, ಸೌದೆ ನೋಡಿ. ಹಾಗಲ್ಲ! ಸೌದೆ ನಿಮಗೇನು ಅನ್ಯಾಯ ಮಾಡಿದೆ?"

"ನೀವು ಪಕ್ಕದಲ್ಲಿ ನಿಂತ್ರೆ ಭಯ ಆಗತ್ತೆ."

"ಅಮೆರಿಕದವರಿಗೆ ಹೆದರದವರು?"

"ಅವರ ಕೈಯಲ್ಲಿ ಬರೀ ಬಂದೂಕು ಇರತ್ತೆ."

ಕೊನೆಗೊಂದು ಕೊರಡು ಸರಿಯಾಗಿ ಎರಡು ಹೋಳಾಯಿತು. ಅದನ್ನು ಎತ್ತಿ ಹಿಡಿದುಕೊಂಡು ಅಂಗಳದಲ್ಲೆಲ್ಲ ಕುಣಿದ. ಮೂವತ್ತನಾಲ್ಕು ವರ್ಷದ ಗಂಡಸು.

ಆಗಸ್ಟ್ 12

ಒಂದು ಒರಳು, ಎರಡು ಒನಕೆ. ಒಬ್ಬರು ಎತ್ತಿದಾಗ ಇನ್ನೊಬ್ಬರು ಹಾಕಬೇಕು, ಇಲ್ಲದಿದ್ದರೆ ಒನಕೆಗೆ ಒನಕೆ ಬಡಿಯುತ್ತದೆ. ಮೊದಲು ಬರೀ ಬಡಿಯಿತು, ಆಮೇಲೆ ಲಯ ಕೂಡಿಕೊಂಡಿತು. ಭತ್ತ ಮುಗಿದರೂ ಇಬ್ಬರೂ ಕುಟ್ಟುತ್ತಲೇ ಇದ್ದೆವು. ಅಮ್ಮ ಬಂದು, "ಅಕ್ಕಿ ಬೇಕಿತ್ತು ಕಣ್ರೇ, ಹಿಟ್ಟಲ್ಲ," ಅಂದಳು.

ಕ್ರಿಸ್ಪುಲೋ ಈಗ ಮನೆಯಲ್ಲಿ ಬರೀ ಪುಲೋ. ನೀರು ಚೆಲ್ಲುವುದಿಲ್ಲ. ಹಿಲಾರಿಯೋ ಎದ್ದು ಕೂತನಂತೆ. ಎಲ್ಲ ಅವನಿಗಾಗಿ.

ಆಗಸ್ಟ್ 30

ಇವತ್ತಿನದನ್ನು ಬರೆಯದೆ ಇರಲಾರೆ.

ಬೆಳಿಗ್ಗೆ ಪುಲೋ ಬಿದಿರು ಹೆಗಲಿಗೇರಿಸಿ ಹೊರಡುವ ಹೊತ್ತಿಗೆ ಸೋಲ್ಜರುಗಳು ನಮ್ಮ ಬೀದಿಗೆ ನುಗ್ಗಿದರು. ಯಾರೋ ಸುಳಿವು ಕೊಟ್ಟಿದ್ದಾರೆ: ಸೇತುವೆಯ ಹತ್ತಿರ, ಸಾಂತೋಲ್ ಮರದ ಮನೆ, ಮನಿಲಾದಿಂದ ಬಂದವನು. ನೆಟ್ಟಗೆ ಮಕ್ಸಿಮಾಳ ಮನೆಗೇ ಹೋದರು. ನೆಲದ ಬಿದಿರು ಸೀಳಿದರು, ಅಕ್ಕಿ ಮಡಕೆ ಬೋರಲು ಹಾಕಿದರು. ಅವಳೂ ಅವಳ ತಾಯಿಯೂ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದರು. ಏನೂ ಸಿಗಲಿಲ್ಲ. ಸಿಗುವುದೆಲ್ಲ ನಮ್ಮ ಮನೆಯಲ್ಲಿತ್ತಲ್ಲ.

ಆಮೇಲೆ ಸಾರ್ಜೆಂಟಿನ ಕಣ್ಣು ನಮ್ಮ ಮರದ ಮೇಲೆ ಬಿತ್ತು.

ಅಂಗಳಕ್ಕೆ ಬಂದವನೇ ದುಭಾಷಿಯ ಮೂಲಕ ಕೇಳಿದ: "ಇವನು ಯಾರು?"

ಪುಲೋನ ಹೆಗಲ ಮೇಲೆ ಬಿದಿರು, ಬಿದಿರಿನಲ್ಲಿ ಎರಡು ಪೊಟ್ಟಣ. ಸಿಕ್ಕಿಬಿದ್ದರೆ ಅವನಿಗೆ ನೇಣು, ನಮ್ಮ ಮನೆಗೆ ಬೆಂಕಿ. ನನ್ನ ನಾಲಗೆ ಒಣಗಿಹೋಯಿತು.

ಆದರೆ ಅಮ್ಮನ ನಾಲಗೆ ಯಾವತ್ತು ಒಣಗಿದೆ?

"ಯಾರು ಅಂತ ನನ್ನನ್ನ ಕೇಳಿ!" ಅಂತ ಸೊಂಟಕ್ಕೆ ಕೈಕೊಟ್ಟು ಮುಂದೆ ಬಂದಳು. "ನನ್ನ ಮಗಳನ್ನ ಕೇಳಕ್ಕೆ ಬಂದಿರೋ ಮಹಾರಾಯ! ಎರಡೂವರೆ ತಿಂಗಳಾಯ್ತು. ಎರಡು ಕೊಡಲಿ ಕಾವು ಮುರಿದ. ನನ್ನ ಮೊಟ್ಟೆಕೋಳಿ ಇವನ ಭಯಕ್ಕೆ ಮೊಟ್ಟೆ ಇಡೋದೇ ಬಿಡ್ತು. ನೀರು ತಾ ಅಂದ್ರೆ ಕಹಿ ನೀರು ತರ್ತಾನೆ, ಅದು ಹೇಗೆ ತಂದ ಅಂತ ದೇವರಿಗೇ ಗೊತ್ತು! ನಿಮ್ಮೂರಲ್ಲೂ ಅಳಿಯಂದಿರು ಹಿಂಗೇ ಇರ್ತಾರಾ, ಕೇಳಪ್ಪಾ ಅವನನ್ನ!"

ಕಹಿ ನೀರು ಅಂದಾಗ ನನ್ನ ಜೀವ ಹಾರಿಹೋಯಿತು. ದುಭಾಷಿ ಒಂದೊಂದನ್ನೇ ಹೇಳುತ್ತ ಹೋದ. ಸೋಲ್ಜರುಗಳು ಮೊದಲು ಮೀಸೆಯಲ್ಲಿ ನಕ್ಕರು, ಆಮೇಲೆ ಬಾಯಿ ಬಿಟ್ಟು ನಕ್ಕರು. ಕಡುಬಿನ ಅಮ್ಮನ ಸೌದೆ ಅಳಿಯ ಇವನೇ ಅಂತ ಒಬ್ಬನಿಗೆ ಗುರುತು ಹತ್ತಿತು. ಸಾರ್ಜೆಂಟು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿದ.

"ಈಕೆಯನ್ನ ಕೇಳು. ಇವನನ್ನ ಮದುವೆ ಆಗ್ತಾಳಾ?"

ತಾಯಿ ಒಪ್ಪುವ ಮುಂಚೆ ಮಗಳು ಹೂಂ ಅನ್ನುವುದು ನಮ್ಮಲ್ಲಿ ಇಲ್ಲ. ಇಲ್ಲ ಅಂದರೆ ಅವನು ಈ ಅಂಗಳದಲ್ಲಿ ನಿಲ್ಲುವುದಕ್ಕೆ ಕಾರಣವೇ ಇಲ್ಲ. ಬೀದಿಯ ಜನವೆಲ್ಲ ಬೇಲಿಗೆ ಬಂದು ನಿಂತಿದ್ದರು. ಪುಲೋ ನನ್ನನ್ನೇ ನೋಡುತ್ತಿದ್ದ.

"ಆಗ್ತೀನಿ," ಅಂದೆ. ಅಷ್ಟು ಗಟ್ಟಿಯಾಗಿ ಅನ್ನಬೇಕಿರಲಿಲ್ಲ.

ಅಮ್ಮ ಎದೆ ಹಿಡಿದುಕೊಂಡಳು. ಮರುಗಳಿಗೆಗೆ ಪುಲೋನ ಮೇಲೆ ತಿರುಗಿಬಿದ್ದಳು: "ಕೇಳಿಸ್ಕೊಂಡು ನಿಂತಿದಾನೆ ನೋಡು! ಮಡಕೆ ಬರಿದಾಗಿದೆ, ನೀರು ನಿಮ್ಮಪ್ಪ ತರ್ತಾನಾ?"

ದುಭಾಷಿ ಅದನ್ನೂ ಹೇಳಿದ. ಆಗ ಸಾರ್ಜೆಂಟಿಗೂ ನಗು ತಡೆಯಲಾಗಲಿಲ್ಲ. ಪುಲೋನ ಬೆನ್ನು ತಟ್ಟಿ, ಹೋಗು ಹೋಗು ಅಂತ ಸೇತುವೆಯ ಕಡೆ ತಳ್ಳಿದ. ಎರಡು ಪೊಟ್ಟಣ ಅವನ ಅಪ್ಪಣೆಯಲ್ಲೇ ಬೆಟ್ಟ ಸೇರಿದವು.

ಪುಲೋ ಮೊದಲೇ ಸರಿಯಾದ ಮನೆಗೆ ಹೋಗಿದ್ದರೆ ಇವತ್ತು ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಮೈ ಝುಂ ಅನ್ನುತ್ತದೆ. ನಾನು ಆಗ್ತೀನಿ ಅಂದದ್ದು ಹಿಲಾರಿಯೋಗಾಗಿ. ಇದನ್ನು ಸ್ಪಷ್ಟವಾಗಿ ಬರೆದಿಟ್ಟಿರುತ್ತೇನೆ.

ಸೆಪ್ಟೆಂಬರ್ 18

ಹಿಲಾರಿಯೋನಿಂದ ಸಾಂತೋಲ್ ಎಲೆಯಷ್ಟು ಅಗಲದ ಚೀಟಿ: "ಜ್ವರ ಬಿಟ್ಟಿದೆ. ಹಸಿವು ಬಿಡ್ತಿಲ್ಲ. ಅಮ್ಮನ ಸುಮಾನ್ ಕಳಿಸು. ಹೊಸ ಭಾವ ಕೆಲಸಕ್ಕೆ ಬಾರದವನಂತೆ, ಹೌದಾ?"

ಆರು ಸುಮಾನ್ ಕಳಿಸಿದೆ. ಭಾವ ಅನ್ನುವ ಶಬ್ದದ ಮೇಲೆ ಪುಲೋ ಮೂರು ಸಲ ಬೆರಳಾಡಿಸಿದ. ಬೆಳಿಗ್ಗೆಯಿಂದ ಬಾಯಿಗೆ ಬಂದ ಹಾಡೆಲ್ಲ ಹಾಡುತ್ತಿದ್ದೇನೆ. ನನಗೆ ಹಾಡು ಬರುವುದಿಲ್ಲ.

ಅಕ್ಟೋಬರ್ 8

ಪೆಟ್ಟಿಗೆ ಖಾಲಿ. ಕೊನೆಯ ಎರಡು ಪೊಟ್ಟಣದ ಜೊತೆ ಅವನೂ ಬೆಟ್ಟಕ್ಕೆ ಹೋಗಬೇಕಂತೆ, ಮೇಲಿನಿಂದ ಕರೆ ಬಂದಿದೆ. ತನ್ನ ಅಪ್ಪನಿಗೆ ಹುಷಾರಿಲ್ಲ ಅಂತ ಅಮ್ಮನಿಗೆ ಹೇಳಿದ. ನನಗೆ, "ನಿಮ್ಮ ಉಪಕಾರ ದೊಡ್ಡದು," ಅಂದ.

"ಪರವಾಗಿಲ್ಲ," ಅಂದೆ. ಅಂದುಕೊಂಡದ್ದೇ ಆಯಿತಲ್ಲ.

ಅಕ್ಟೋಬರ್ 9

ನೀರು ನಾನೇ ತಂದೆ.

ಅಕ್ಟೋಬರ್ 15

ಟೋಪಿ ಹೆಣೆದೆ. ವಕ್ರವಾಯಿತು. ಬಿಚ್ಚಿದೆ.

ಅಕ್ಟೋಬರ್ 27

"ಐದು ತಿಂಗಳು ತುಂಬಕ್ಕೆ ಒಂದೇ ತಿಂಗಳಿತ್ತು, ಹೇಡಿ," ಅಂತ ಅಮ್ಮ ಬೈದಳು. ಬೈಯುತ್ತ ಅವನ ತಟ್ಟೆಯನ್ನು ತೊಳೆದಿಟ್ಟಳು. ದಿನಾ ತೊಳೆಯುತ್ತಾಳೆ.

ಅವನು ಇಲ್ಲದೆ ನನಗೆ ಬೇಸರವಾಗಿದೆ. ತುಂಬ ಬೇಸರವಾಗಿದೆ. ಇದು ಹಿಲಾರಿಯೋಗಾಗಿ ಅಲ್ಲ.

ನವೆಂಬರ್ 4, ಭಾನುವಾರ

ಪೂಜೆ ಮುಗಿಸಿ ಬಂದರೆ ಮೆಟ್ಟಿಲ ಬುಡದಲ್ಲಿ ಪುಲೋ, ಕೈಯಲ್ಲಿ ಟೋಪಿ, ಪಕ್ಕದಲ್ಲಿ ಹೊಸ ಪೆಟ್ಟಿಗೆ. ನನಗಿಂತ ಮುಂಚೆ ಅಮ್ಮ ಕಂಡಳು.

"ಅಪ್ಪ ಹುಷಾರಾದ್ರಾ?"

"ಅಪ್ಪ ತೀರಿಕೊಂಡು ಹತ್ತು ವರ್ಷ ಆಯ್ತು, ಆಲಿಂಗ್ ತೋಮಾಸಾ. ನಿಮ್ಮ ಹತ್ರ ಸುಳ್ಳು ಹೇಳ್ದೆ. ಅದೊಂದೇ ಅಲ್ಲ. ಇನ್ಮೇಲೆ ಸುಳ್ಳು ಹೇಳ್ಕೊಂಡು ನಿಮ್ಮನೆ ಅನ್ನ ತಿನ್ನಕ್ಕೆ ನನ್ನ ಕೈಲಿ ಆಗಲ್ಲ."

ಎಲ್ಲವನ್ನೂ ಹೇಳಿದ. ಎರಡು ಸಾಂತೋಲ್ ಮರ, ಬಿದಿರು, ಪೊಟ್ಟಣ, ಒರತೆ, ಜ್ವರ. ಅಮ್ಮ ಇಷ್ಟು ಹೊತ್ತು ಬಾಯಿ ಮುಚ್ಚಿ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

"ಹಿಲಾರಿಯೋಗೆ ಅಷ್ಟು ಜ್ವರ ಬಂದಿತ್ತಾ?" ಅಂದಳು ಕೊನೆಗೆ. "ಹೆತ್ತವಳು ನಾನು. ನನಗ್ಯಾಕೆ ಹೇಳ್ಲಿಲ್ಲ?"

"ಇನಾಂಗ್, ಮಾರ್ಕೆಟ್ಟಲ್ಲಿ ನೀನು..."

"ಮಾರ್ಕೆಟ್ಟಲ್ಲಿ ನಾನು ಕಡುಬು ಮಾರ್ತೀನಿ ಕಣೇ, ಮಗನ್ನ ಅಲ್ಲ."

ಅಮ್ಮ ಅತ್ತಳು. ಪುಲೋ, "ಮೊನ್ನೆ ಹಿಲಾರಿಯೋ ಜೊತೆ ಒಂದೇ ಎಲೇಲಿ ಊಟ ಮಾಡ್ದೆ, ಮೂರು ಸಲ ಅನ್ನ ಹಾಕಿಸ್ಕೊಂಡ," ಅಂದಾಗ ಅಳುತ್ತಲೇ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು.

"ಈಗ ಯಾವ ಮನೆಗೆ ಬಂದಿದೀಯ?"

"ಇದೇ ಮನೆಗೆ. ಮೇಲಿನವರೂ ಕೇಳಿದ್ರು, ಈ ಸಲ ಯಾವ ಮನೆ ಅಂತ. ಅದೇ ತಪ್ಪು ಮನೆ ಅಂದೆ."

"ಮರ ನೋಡ್ಕೊಂಡು ಬಂದ್ಯಾ?"

"ಮರ ನೋಡ್ಕೊಂಡು ಅಲ್ಲ," ಅಂದ. ಅನ್ನುವಾಗ ನನ್ನನ್ನು ನೋಡಿದ. ನಾನೂ ನೋಡಿದೆ, ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ ನೀನು ಬಂದಿರೋದು ಇವತ್ತು," ಅಂದಳು ಅಮ್ಮ. "ಇಷ್ಟು ದಿನ ಮಾಡಿದ್ದು ಪಕ್ಕದ ಮನೆ ಚಾಕರಿ. ಅದು ಇಲ್ಲಿ ಲೆಕ್ಕಕ್ಕಿಲ್ಲ. ಐದು ತಿಂಗಳು, ನಾಳೆಯಿಂದ ಶುರು."

"ಮೂರು ಸಾಕು, ಇ‌ನಾಂಗ್," ಅಂದೆ.

"ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ಅದಕ್ಕೇ ಹೇಳ್ತಿದೀನಿ."

ಈ ಮನೆಗೆ ಮಾನ ಮರ್ಯಾದೆ ಅನ್ನುವುದೇ ಇಲ್ಲದ ಹಾಗಾಯಿತು ಅಂತ ಅಮ್ಮ ಮೇಲೆ ಕೆಳಗೆ ನೋಡಿ, ಮೂರೂವರೆಗೆ ಒಪ್ಪಿದಳು. ಪುಲೋ ಮೆಟ್ಟಿಲ ಮೇಲೆ ಕುಸಿದು ಕೂತ. ಹಿರಿಯರು ನಿಂತಿರುವಾಗ ಕೂತ ತಪ್ಪಿಗೆ ಅಮ್ಮ ಇನ್ನೊಂದು ವಾರ ಸೇರಿಸಿದಳು. ಅದಕ್ಕೆ ನಾನು ಚೌಕಾಸಿ ಮಾಡಲಿಲ್ಲ.